ಅಪ್ಪನ ಗಂಟಲಿನ ಚಿಕಿತ್ಸೆಗಾಗಿ ಊರು ಬಿಟ್ಟ ದಿನಗಳು

ರೇಡಿಯೇಷನ್ ಕೊಡುವ ಮಷೀನು ನಮ್ಮ ಹಳ್ಳಿಯ ಸುತ್ತಮುತ್ತ ಎಲ್ಲೂ ಇಲ್ಲ. ಹತ್ತಿರದ ದೊಡ್ಡ ಊರಿನ ಆಸ್ಪತ್ರೆಯಲ್ಲೂ ಇಲ್ಲ. ಅದಿರುವ ನಗರಕ್ಕೆ ಇಡೀ ರಾತ್ರಿ ಬಸ್ಸಿನಲ್ಲಿ ಹೋಗಬೇಕು. ಅಪ್ಪನಿಗೆ ಗಂಟಲಿನ ಕ್ಯಾನ್ಸರ್ ಎಂದು ಗೊತ್ತಾದಾಗ ನಮ್ಮ ತಲೆಯಲ್ಲಿ ಇದ್ದದ್ದು ಕಾಯಿಲೆಯ ಭಯ ಒಂದೇ. ಚಿಕಿತ್ಸೆ ಶುರುವಾದ ಮೇಲೆ ನಮ್ಮನ್ನು ಹಣ್ಣು ಮಾಡಿದ್ದು ಈ ದೂರ. ಎಲ್ಲಿ ಮಲಗುವುದು, ಊರಲ್ಲಿ ದನಕರು ಯಾರು ನೋಡಿಕೊಳ್ಳುವುದು, ರಾತ್ರಿ ಜ್ವರ ಬಂದರೆ ಯಾರಿಗೆ ಫೋನ್ ಮಾಡುವುದು? ಇದನ್ನೆಲ್ಲ ಯಾವ ಡಾಕ್ಟರ ಚೀಟಿಯಲ್ಲೂ ಬರೆದಿರುವುದಿಲ್ಲ. ಆದರೆ ಇವು ಸರಿಹೋಗದೆ ಚಿಕಿತ್ಸೆಯನ್ನೇ ಅರ್ಧಕ್ಕೆ ಬಿಟ್ಟು ಹೋದವರನ್ನು ನಾನು ಅಲ್ಲಿ ಕಣ್ಣಾರೆ ಕಂಡೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೆಟ್ಟಿದ್ದು ಅಪ್ಪನ ದನಿ. ಗೊಗ್ಗರಾಯಿತು. ಔಷಧಿ ತೆಗೆದುಕೊಂಡರೂ ಸರಿಹೋಗಲಿಲ್ಲ. ಆಮೇಲೆ ನುಂಗುವಾಗ ನೋವು, ಅದು ಕಿವಿಯವರೆಗೂ ಎಳೆಯುತ್ತಿತ್ತು. ಮೂರು ವಾರ ಕಳೆದರೂ ದನಿ ಸರಿಹೋಗದಿದ್ದರೆ ಕಿವಿ, ಮೂಗು, ಗಂಟಲಿನ ಡಾಕ್ಟರಿಗೆ ತೋರಿಸಲೇಬೇಕು. ಅವರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಗಾಯ ಕಂಡಿತು. ಅರಿವಳಿಕೆ ಕೊಟ್ಟು ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ರಿಪೋರ್ಟ್ ಬರುವವರೆಗೆ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ.

ದೂರದಿಂದ ಹೋಗುವವರಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಬಯಾಪ್ಸಿ ಎಂದರೆ ಬರೀ ಕಾಗದದ ರಿಪೋರ್ಟ್ ಅಲ್ಲ. ತೆಗೆದ ಚೂರನ್ನು ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡಿರುತ್ತಾರೆ. ಅದರಿಂದ ತೆಳ್ಳಗೆ ಸೀಳಿ ಗಾಜಿನ ಸ್ಲೈಡ್ ಮಾಡಿರುತ್ತಾರೆ. ಕ್ಯಾನ್ಸರ್ ಆಸ್ಪತ್ರೆಯವರು ಸಾಮಾನ್ಯವಾಗಿ ಆ ಸ್ಲೈಡನ್ನು ತಮ್ಮ ಲ್ಯಾಬಿನಲ್ಲಿ ಇನ್ನೊಮ್ಮೆ ನೋಡುತ್ತಾರೆ. ನಮ್ಮ ಡಾಕ್ಟರು ಸ್ಲೈಡು, ಬ್ಲಾಕು ಎರಡನ್ನೂ ಸಣ್ಣ ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದರು. ನಮ್ಮ ಮುಂದೆ ಸಾಲಿನಲ್ಲಿದ್ದ ಒಬ್ಬರ ಹತ್ತಿರ ರಿಪೋರ್ಟ್ ಮಾತ್ರ ಇತ್ತು. ಬ್ಲಾಕ್ ತರಲು ಅವರು ಅಷ್ಟು ದೂರ ವಾಪಸ್ ಹೋಗಬೇಕಾಯಿತು. ಕಾಯಿಲೆಯ ಮನುಷ್ಯ, ಸುಮ್ನೆ ಎರಡು ದಾರಿ. ಸ್ಕ್ಯಾನ್ ಮಾಡಿಸಿದ್ದರೆ ಅದರ ಸಿಡಿ ಕೂಡ ಬೇಕಾಗುತ್ತದೆ, ಫಿಲ್ಮ್ ಸಾಲದು. ಊರು ಬಿಡುವ ಮೊದಲೇ ಇವನ್ನೆಲ್ಲ ಕೇಳಿ ತೆಗೆದುಕೊಳ್ಳಿ. ಪ್ರತಿ ಕಾಗದದ ಫೋಟೋ ಫೋನಿನಲ್ಲಿ ಇರಲಿ, ಇನ್ನೊಂದು ಪ್ರತಿ ಮನೆಯಲ್ಲಿರುವವರ ಫೋನಿನಲ್ಲೂ ಇರಲಿ.

ದೊಡ್ಡ ಆಸ್ಪತ್ರೆಯಲ್ಲಿ ಸರ್ಜರಿಯವರು, ರೇಡಿಯೇಷನ್‌ನವರು, ಕೀಮೋದವರು ಒಟ್ಟಿಗೆ ಕೂತು ಅಪ್ಪನ ಕೇಸ್ ಚರ್ಚೆ ಮಾಡಿದರು. ದನಿಪೆಟ್ಟಿಗೆ ಉಳಿಸಿಕೊಂಡು ರೇಡಿಯೇಷನ್, ಅದರ ಜೊತೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಕೊಡುವುದು ಎಂದು ತೀರ್ಮಾನವಾಯಿತು. ದಿನಕ್ಕೆ 2 ಗ್ರೇ (ಕಿರಣ ಎಷ್ಟು ಎಂದು ಅಳೆಯುವ ಲೆಕ್ಕ), ವಾರಕ್ಕೆ 5 ದಿನ, ಒಟ್ಟು 35 ಸಲ, 70 ಗ್ರೇ. ಗಂಟಲಿನ ಕ್ಯಾನ್ಸರಿಗೆ ಇದು ಎಷ್ಟೋ ಕಾಲದಿಂದ ನಡೆದು ಬಂದಿರುವ ಲೆಕ್ಕ. ಅಂದರೆ 7 ವಾರ ಅಲ್ಲೇ ಇರಬೇಕು.

ಅಪ್ಪ ಕೇಳಿದ ಮೊದಲ ಪ್ರಶ್ನೆ, "ಡಾಕ್ಟ್ರೇ, ದಿನಾ ಯಾಕೆ? ವಾರಕ್ಕೊಂದು ಸಲ ಬಂದು ಜಾಸ್ತಿ ತಗೊಂಡು ಹೋದ್ರೆ ಆಗಲ್ವಾ?" ಹಳ್ಳಿಯಿಂದ ಬಂದ ಎಲ್ಲರ ಮನಸ್ಸಿನಲ್ಲೂ ಇರುವ ಪ್ರಶ್ನೆ ಅದು. ಆ ಡಾಕ್ಟರು ಬೇಸರ ಮಾಡಿಕೊಳ್ಳದೆ ಕೂರಿಸಿ ಹೇಳಿದರು. ಕಿರಣ ಕ್ಯಾನ್ಸರ್ ಕೋಶಕ್ಕೂ ತಾಗುತ್ತದೆ, ಒಳ್ಳೆಯ ಕೋಶಕ್ಕೂ ತಾಗುತ್ತದೆ. ಸ್ವಲ್ಪ ಸ್ವಲ್ಪವಾಗಿ ಕೊಟ್ಟರೆ ಒಳ್ಳೆಯ ಕೋಶ ಮಾರನೆಯ ದಿನದ ಹೊತ್ತಿಗೆ ಬಹುಮಟ್ಟಿಗೆ ರಿಪೇರಿ ಮಾಡಿಕೊಳ್ಳುತ್ತದೆ. ಕ್ಯಾನ್ಸರ್ ಕೋಶಕ್ಕೆ ಅಷ್ಟು ಚೆನ್ನಾಗಿ ರಿಪೇರಿ ಮಾಡಿಕೊಳ್ಳಲು ಬರುವುದಿಲ್ಲ. ಒಂದೇ ಸಲ ಜಾಸ್ತಿ ಕೊಟ್ಟರೆ ಗಂಟಲೇ ಹಾಳಾಗುತ್ತದೆ. ಹಾಗಂತ ಮಧ್ಯೆ ದಿನ ಬಿಟ್ಟರೆ ಉಳಿದ ಕ್ಯಾನ್ಸರ್ ಕೋಶಗಳು ಬೆಳೆಯುತ್ತವೆ. ಅದರಲ್ಲೂ ಸುಮಾರು 4 ವಾರ ಆದ ಮೇಲೆ ಅವು ಇನ್ನೂ ಜೋರಾಗಿ ಬೆಳೆಯಲು ಶುರು ಮಾಡುತ್ತವೆ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನಲ್ಲಿ ಚಿಕಿತ್ಸೆ ಒಂದು ದಿನ ಉದ್ದವಾದರೆ ಗಡ್ಡೆ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ 1ರಷ್ಟು, ಕೆಲವು ಲೆಕ್ಕದಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿಯೇ, ಕಡಿಮೆಯಾಗುತ್ತದೆ. "ಯಜಮಾನ್ರೇ, ಒಂದು ವಾರ ತಪ್ಪಿಸಿದ್ರೆ ಎಷ್ಟಾಯ್ತು ನೀವೇ ಲೆಕ್ಕ ಹಾಕಿ" ಎಂದರು.

ಈ ವಿವರಣೆ ಕೊಡಲು ಅವರಿಗೆ ಐದು ನಿಮಿಷ ಹಿಡಿದಿರಬಹುದು. ಆಮೇಲೆ ಅಪ್ಪ ಊರಿಗೆ ಹೋಗೋಣ ಎಂದಾಗಲೆಲ್ಲ ನನಗೆ ಆಧಾರವಾಗಿದ್ದು ಆ ಐದು ನಿಮಿಷ. ಎಲ್ಲ ರೋಗಿಗಳಿಗೂ ಇದನ್ನು ಹೀಗೇ ಹೇಳಬೇಕು. ಹೇಳದಿದ್ದರೆ ನೀವೇ ಕೇಳಿ.

ಇನ್ನೊಂದು ಪ್ರಶ್ನೆಯನ್ನೂ ದೂರದವರು ಸಂಕೋಚವಿಲ್ಲದೆ ಕೇಳಬೇಕು. ಕಡಿಮೆ ದಿನದಲ್ಲಿ ಮುಗಿಯುವ ಕ್ರಮ ನಮಗೆ ಹೊಂದುತ್ತದಾ? ಅಪ್ಪನಿಗೆ ಹೊಂದುತ್ತಿರಲಿಲ್ಲ. ಆದರೆ ನಮ್ಮ ಪಕ್ಕದ ಹಾಸಿಗೆಯಲ್ಲಿದ್ದ ಅಮ್ಮನೊಬ್ಬರಿಗೆ ಹೊಂದಿತು. ಅವರದು ಸ್ತನದ ಕ್ಯಾನ್ಸರ್, ಸರ್ಜರಿ ಆಗಿತ್ತು. ಅದಕ್ಕೆ ಹಿಂದೆಲ್ಲ 5 ವಾರ ರೇಡಿಯೇಷನ್ ಕೊಡುತ್ತಿದ್ದರು. ಆಮೇಲೆ 3 ವಾರದಲ್ಲಿ 15 ಸಲ ಕೊಟ್ಟರೂ ಸಾಕು ಎಂದಾಯಿತು. 2020ರಲ್ಲಿ ಬ್ರಿಟನ್ನಿನ ಫಾಸ್ಟ್-ಫಾರ್ವರ್ಡ್ ಅಧ್ಯಯನದ 5 ವರ್ಷದ ಫಲಿತಾಂಶ ಬಂತು. ಒಂದೇ ವಾರದಲ್ಲಿ 5 ಸಲ ಕೊಟ್ಟು ಮುಗಿಸಿದರೂ 3 ವಾರದ ಕ್ರಮದಷ್ಟೇ ಹತೋಟಿ ಸಿಗುತ್ತದೆ ಎಂದು ಅದು ತೋರಿಸಿತು. ಎಲ್ಲರಿಗೂ ಇದು ಆಗುವುದಿಲ್ಲ, ಡಾಕ್ಟರೇ ನೋಡಿ ಹೇಳಬೇಕು. ಮೂಳೆಗೆ ಹರಡಿದ ಕ್ಯಾನ್ಸರಿನ ನೋವಿಗಂತೂ 8 ಗ್ರೇ ಒಂದೇ ಸಲ ಕೊಟ್ಟರೂ ಹಲವು ಸಲ ಕೊಟ್ಟಷ್ಟೇ ನೋವು ಇಳಿಯುತ್ತದೆ. ನಗರದಲ್ಲೇ ಮನೆ ಇರುವವರಿಗೆ ಇದು ಅನುಕೂಲ. ಹೊಲ, ಮನೆ, ಮಕ್ಕಳನ್ನು ಬಿಟ್ಟು ಬಂದವರಿಗೆ ಚಿಕಿತ್ಸೆ ಆಗುತ್ತದೋ ಇಲ್ಲವೋ ಎನ್ನುವುದೇ ಇದರ ಮೇಲೆ ನಿಂತಿರುತ್ತದೆ.

ರೇಡಿಯೇಷನ್ ಶುರುವಾಗುವ ಮೊದಲು ಹಲ್ಲಿನ ಡಾಕ್ಟರ ಹತ್ತಿರ ಕಳಿಸಿದರು. ಗಂಟಲಿಗೂ ಹಲ್ಲಿಗೂ ಏನು ಸಂಬಂಧ ಎಂದು ಅಪ್ಪನಿಗೆ ಅನುಮಾನ. ಕಿರಣ ತಾಗಿದ ದವಡೆ ಮೂಳೆಗೆ ರಕ್ತ ಓಡಾಟ ಕಡಿಮೆಯಾಗುತ್ತದೆ. ಆಮೇಲೆ ಹಲ್ಲು ಕೀಳಿಸಿದರೆ ಗಾಯ ಮಾಯದೆ ಮೂಳೆಯೇ ಕೊಳೆಯುವ ಅಪಾಯವಿದೆ, ಅದೂ ಜೀವಮಾನ ಪೂರ್ತಿ. ಅದಕ್ಕೆ ಕೆಟ್ಟ ಹಲ್ಲನ್ನು ಮೊದಲೇ ಕಿತ್ತು, ಗಾಯ ಮಾಯಲು ಎರಡು ವಾರದಷ್ಟು ಸಮಯ ಬಿಡುತ್ತಾರೆ. ಆ ಸಮಯದಲ್ಲೇ ಮುಖವಾಡದ ಅಳತೆಯೂ ಆಯಿತು. ಜಾಲಿಯಂಥ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಮುಖ, ಕುತ್ತಿಗೆ, ಭುಜದ ಮೇಲೆ ಒತ್ತಿದರು. ಕೆಲವೇ ನಿಮಿಷದಲ್ಲಿ ಅದು ಗಟ್ಟಿಯಾಗಿ ಅಪ್ಪನ ಮುಖದ ಅಚ್ಚೇ ಆಯಿತು. ದಿನಾ ಅದನ್ನು ಹಾಕಿ ಟೇಬಲ್ಲಿಗೆ ಬಿಗಿದರೆ ತಲೆ ಅಲ್ಲಾಡುವುದಿಲ್ಲ. ಅದನ್ನು ಹಾಕಿಕೊಂಡೇ ಸಿಟಿ ಸ್ಕ್ಯಾನ್ ಮಾಡಿ, ಅದರ ಮೇಲೆ ಎಲ್ಲಿಗೆ ಎಷ್ಟು ಕಿರಣ ಎಂದು ಗೆರೆ ಹಾಕಿ ಪ್ಲಾನ್ ಮಾಡುತ್ತಾರೆ. ಈ ಪ್ಲಾನಿಗೆ ಒಂದೆರಡು ವಾರ ಬೇಕು. ನಾವು ಆಗ ಊರಿಗೆ ವಾಪಸ್ ಬಂದೆವು. ಚಿಕಿತ್ಸೆಗೆ ಧಕ್ಕೆಯಿಲ್ಲದೆ ಊರಿಗೆ ಬರಲು ಸಿಗುವ ಬಿಡುವು ಅದೊಂದೇ. ಮನೆಯ ವ್ಯವಸ್ಥೆಯನ್ನೆಲ್ಲ ಆಗಲೇ ಮಾಡಿಕೊಳ್ಳಬೇಕು.

ನಾವು ಮಾಡಿದ್ದು ಇಷ್ಟು. ನನ್ನ ತಮ್ಮ ಮನೆಯಲ್ಲಿ ಉಳಿಯುವುದು, ಹೊಲ ಮತ್ತು ದನ ಅವನ ಜವಾಬ್ದಾರಿ. ಅಮ್ಮನಿಗೆ ಮಂಡಿ ನೋವು, ಅವರು ಬರುವುದು ಬೇಡ. ನನ್ನ ಮಗಳು ಅಜ್ಜಿಯ ಹತ್ತಿರ. ಅಪ್ಪನ ಜೊತೆ ನಾನು. ಮಧ್ಯೆ ಒಂದು ವಾರ ಚಿಕ್ಕಪ್ಪ ಬಂದು ನನ್ನನ್ನು ಬಿಡಿಸುವುದು. ಈ ಕೊನೆಯದನ್ನು ಮೊದಲೇ ಮಾತಾಡಿಕೊಂಡಿದ್ದು ತುಂಬಾ ಒಳ್ಳೆಯದಾಯಿತು. ರೋಗಿಯ ಜೊತೆ ಇರುವವರು ಒಬ್ಬರೇ ಆದರೆ ನಾಲ್ಕೈದು ವಾರದಲ್ಲಿ ಅವರೂ ಹಾಸಿಗೆ ಹಿಡಿಯುತ್ತಾರೆ.

ಇರಲು ಜಾಗ ಸಿಕ್ಕಿದ್ದು ಆಸ್ಪತ್ರೆಯಿಂದ ನಡೆದು ಹೋಗುವಷ್ಟು ಹತ್ತಿರದ ಒಂದು ವಸತಿಗೃಹದಲ್ಲಿ. ದೂರದ ಊರಿನ ರೋಗಿಗಳಿಗಾಗಿಯೇ ದಾನಿಗಳು ನಡೆಸುವ ಜಾಗ. ಅದು ಇದೆ ಎಂದು ಹೇಳಿದ್ದು ಆಸ್ಪತ್ರೆಯ ಸಮಾಜ ಕಾರ್ಯಕರ್ತೆ. ಬಹಳ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಇಂಥವರು ಇರುತ್ತಾರೆ. ಹಣದ ಯೋಜನೆ, ಪ್ರಯಾಣದ ರಿಯಾಯಿತಿ, ಉಳಿಯುವ ಜಾಗ ಎಲ್ಲ ಅವರಿಗೆ ಗೊತ್ತಿರುತ್ತದೆ. ಆದರೆ ಅವರ ಕೋಣೆ ಎಲ್ಲೋ ಮೂಲೆಯಲ್ಲಿರುತ್ತದೆ, ಹುಡುಕಿಕೊಂಡು ಹೋದವರಿಗೆ ಮಾತ್ರ ಸಿಗುತ್ತದೆ. ರೋಗಿಯ ಕೈ ಹಿಡಿದು ದಾರಿ ತೋರಿಸುವವರು ಬೇಕು ಎನ್ನುವುದು ಹೊಸ ವಿಚಾರವಲ್ಲ. 1990ರಲ್ಲೇ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹೆರಾಲ್ಡ್ ಫ್ರೀಮನ್ ಎಂಬ ಸರ್ಜನ್ ಬಡ ರೋಗಿಗಳಿಗಾಗಿ ಅಂಥ ಸೇವೆ ಶುರು ಮಾಡಿದರು. ಅಮೆರಿಕದಲ್ಲಿ ದೂರದ ರೋಗಿಗಳು ಉಳಿಯುವ ಹೋಪ್ ಲಾಡ್ಜ್‌ಗಳಲ್ಲಿ ಮೊದಲನೆಯದು 1970ರಲ್ಲೇ ತೆರೆಯಿತು. ಇವು ಯಾರೋ ಕರುಣೆಯಿಂದ ಕೊಡುವ ಸೌಲಭ್ಯಗಳು ಎಂದು ನನಗೆ ಅನ್ನಿಸುವುದಿಲ್ಲ. ಮಲಗಲು ಜಾಗ ಇಲ್ಲದವರಿಗೆ 35 ಸಲದ ರೇಡಿಯೇಷನ್ ಬರೆದುಕೊಟ್ಟರೆ ಅದು ಬರೀ ಕಾಗದದ ಮೇಲಿನ ಚಿಕಿತ್ಸೆ.

ಮೊದಲ ಎರಡು ವಾರ ಸುಲಭ. ಎಲ್ಲರಿಗೂ ಹಾಗೇ ಅನ್ನಿಸುತ್ತದೆ. ಮಷೀನಿನ ಕೆಳಗೆ ಕಾಲು ಗಂಟೆ, ನೋವಿಲ್ಲ, ಏನೂ ಗೊತ್ತಾಗುವುದಿಲ್ಲ. ಅಪ್ಪ ನಡೆದುಕೊಂಡು ಹೋಗಿ ನಡೆದುಕೊಂಡು ಬರುತ್ತಿದ್ದರು. ಕೀಮೋ ದಿನ ಮಾತ್ರ ಪೂರ್ತಿ ಆಸ್ಪತ್ರೆಯಲ್ಲೇ. ಸಿಸ್‌ಪ್ಲಾಟಿನ್ ಕಿಡ್ನಿಗೆ ತೊಂದರೆ ಕೊಡುತ್ತದೆ. ಅದಕ್ಕೆ ಔಷಧಿಗೆ ಮೊದಲೂ ಆಮೇಲೂ ಬಾಟಲಿಗಟ್ಟಲೆ ಸಲೈನ್ ಹಾಕುತ್ತಾರೆ. ಅದರ ಹಿಂದಿನ ದಿನ ರಕ್ತ ಪರೀಕ್ಷೆ: ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ಎಷ್ಟು, ಬಿಳಿ ರಕ್ತಕಣ ಎಷ್ಟು. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಬಂದರೆ ಹೇಳಿ ಎಂದಿದ್ದರು, ಈ ಔಷಧಿ ಕಿವಿಯನ್ನೂ ಕೆಡಿಸಬಹುದು. ಅಪ್ಪನಂಥವರು ಇಂಥದ್ದನ್ನು ತಾವಾಗಿ ಹೇಳುವುದಿಲ್ಲ. ದಿನಾ ನಾನೇ ಕೇಳುತ್ತಿದ್ದೆ.

ಮೂರನೆಯ ವಾರದಿಂದ ಬಾಯಿ ಹುಣ್ಣಾಯಿತು. ರುಚಿ ಹೋಯಿತು. ಎಂಜಲು ಗೋಂದಿನಂತೆ ಅಂಟಂಟಾಯಿತು. ರಾತ್ರಿ ಅದನ್ನು ಉಗಿಯಲು ಮತ್ತೆ ಮತ್ತೆ ಏಳಬೇಕು. ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿಯಿತು. ಬೆಚ್ಚಗಿನ ನೀರಿಗೆ ಉಪ್ಪು, ಅಡುಗೆ ಸೋಡಾ ಹಾಕಿ ಎರಡು ಮೂರು ಗಂಟೆಗೊಮ್ಮೆ ಬಾಯಿ ಮುಕ್ಕಳಿಸಬೇಕು. ಅಂಗಡಿಯಲ್ಲಿ ಸಿಗುವ ಮೌತ್‌ವಾಷ್‌ಗಳಲ್ಲಿ ಆಲ್ಕೋಹಾಲ್ ಇರುವುದನ್ನು ಮುಟ್ಟಬಾರದು, ಅದು ಉರಿ ಹೆಚ್ಚಿಸುತ್ತದೆ. ಇದು ಸಣ್ಣ ಕೆಲಸ ಅನ್ನಿಸಬಹುದು. ಆದರೆ ಅಪರಿಚಿತ ಊರಿನಲ್ಲಿ, ಹಂಚಿಕೊಂಡ ಅಡುಗೆಮನೆಯಲ್ಲಿ, ನಡುರಾತ್ರಿ ನೀರು ಬೆಚ್ಚಗೆ ಮಾಡಿಕೊಳ್ಳುವುದೇ ಒಂದು ಕೆಲಸ. ಕೊನೆಗೆ ಒಂದು ಒಳ್ಳೆಯ ಫ್ಲಾಸ್ಕ್ ಕೊಂಡೆವು. ಅಲ್ಲಿ ಕೊಂಡ ವಸ್ತುಗಳಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದು ಮತ್ತು ಥರ್ಮಾಮೀಟರ್.

ತೂಕ ಇಳಿಯತೊಡಗಿತು. ತೂಕ ಇಳಿದರೆ ನಿಶ್ಶಕ್ತಿ ಬರುವುದಷ್ಟೇ ಅಲ್ಲ, ಮುಖವಾಡವೂ ಸಡಿಲವಾಗುತ್ತದೆ. ಸಡಿಲವಾದರೆ ಕಿರಣದ ಗುರಿ ತಪ್ಪುತ್ತದೆ. ಆಗ ಮತ್ತೆ ಸ್ಕ್ಯಾನ್, ಮತ್ತೆ ಪ್ಲಾನ್. ಡಾಕ್ಟರು ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕೋಣ ಎಂದರು. ಅಪ್ಪ ಕೈ ಆಡಿಸಿ ಬೇಡ ಎಂದರು. ಮೂಗಿಗೆ ನಳಿಗೆ ಹಾಕಿದರೆ ಇನ್ನು ಕಥೆ ಮುಗಿಯಿತು ಎಂದೇ ಊರ ಕಡೆ ತಿಳಿದಿರುತ್ತಾರೆ. ಅದೇ ವಸತಿಗೃಹದಲ್ಲಿ ಚಿಕಿತ್ಸೆ ಮುಗಿಸಿ ತಪಾಸಣೆಗೆ ಬಂದಿದ್ದ ಒಬ್ಬರು ಅಪ್ಪನ ಪಕ್ಕ ಕೂತು, "ಅಣ್ಣಾ, ನನಗೂ ಇತ್ತು. ಈಗ ನೋಡಿ, ಬಾಯಲ್ಲೇ ಉಣ್ತೀನಿ" ಎಂದರು. ಡಾಕ್ಟರು, ನರ್ಸು, ನಾನು ಎಷ್ಟು ಹೇಳಿದರೂ ಒಪ್ಪದವರು ಆ ಒಂದು ಮಾತಿಗೆ ಒಪ್ಪಿದರು. ಕಾಯಿಲೆ ದಾಟಿ ಬಂದವರನ್ನು ಎದುರಿಗೆ ಕೂರಿಸುವುದಕ್ಕಿಂತ ದೊಡ್ಡ ಔಷಧಿ ನಾನು ಅಲ್ಲಿ ಕಾಣಲಿಲ್ಲ.

ನಳಿಗೆಯಲ್ಲಿ ಊಟ ಕೊಡುವುದನ್ನು ನರ್ಸ್ ಕಲಿಸಿದರು. ತಲೆ ಎತ್ತರದಲ್ಲಿರಬೇಕು, ಕೊಟ್ಟ ಮೇಲೆ ಅರ್ಧ ಗಂಟೆಯಾದರೂ ಮಲಗಿಸಬಾರದು. ಪ್ರತಿ ಸಲ ಮೂಗಿನ ಹತ್ತಿರದ ಗುರುತು ಸರಿದಿಲ್ಲವೇ ನೋಡಬೇಕು. ಮುಗಿದ ಮೇಲೆ ನೀರು ಹಾಯಿಸಬೇಕು, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ. ಊಟವನ್ನು ನಯವಾಗಿ ಅರೆದು ಸೋಸಬೇಕು. ನಳಿಗೆ ಇದ್ದರೂ ಅಪ್ಪನಿಂದ ದಿನಾ ಒಂದೆರಡು ಗುಟುಕು ನೀರು ನುಂಗಿಸುತ್ತಿದ್ದೆ. ನುಂಗುವುದನ್ನು ಪೂರ್ತಿ ನಿಲ್ಲಿಸಿದರೆ ಗಂಟಲಿನ ಸ್ನಾಯು ಕೆಲಸ ಮರೆಯುತ್ತದೆ, ಆಮೇಲೆ ವಾಪಸ್ ಬರುವುದು ಕಷ್ಟ.

ನೋವಿಗೆ ಮಾರ್ಫಿನ್ ಬರೆದರು. ಅದರ ಬಗ್ಗೆಯೂ ಭಯ. ಚಟ ಅಂಟಿಕೊಳ್ಳುತ್ತದೆ, ಅದು ಸಾಯುವವರಿಗೆ ಕೊಡುವುದು ಎಂದೆಲ್ಲ ಮಾತು. ಕ್ಯಾನ್ಸರ್ ನೋವಿಗೆ ಮೆಟ್ಟಿಲು ಮೆಟ್ಟಿಲಾಗಿ ಔಷಧಿ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದೆ, ಜೋರು ನೋವಿಗೆ ಅದರಲ್ಲಿ ಮಾರ್ಫಿನ್ ಇದೆ. ಹೊತ್ತಿಗೆ ಸರಿಯಾಗಿ ಕೊಟ್ಟ ಮೇಲೆ ಅಪ್ಪ ರಾತ್ರಿ ನಿದ್ದೆ ಮಾಡಿದರು, ಮುಕ್ಕಳಿಸಲು ಒಪ್ಪಿದರು, ಗುಟುಕು ನೀರು ನುಂಗಿದರು. ಮಲಬದ್ಧತೆ ಮಾತ್ರ ಗ್ಯಾರಂಟಿ. ಅದಕ್ಕೆ ಮೊದಲ ದಿನದಿಂದಲೇ ಔಷಧಿ ಬೇಕು. ಊರಿಗೆ ಹೊರಡುವಾಗ ಸಾಕಾಗುವಷ್ಟು ಮಾರ್ಫಿನ್, ಅದರ ಚೀಟಿ ಎರಡನ್ನೂ ಇಟ್ಟುಕೊಳ್ಳಿ. ಹಳ್ಳಿ ಕಡೆಯ ಔಷಧಿ ಅಂಗಡಿಗಳಲ್ಲಿ ಅದು ಸಿಗುವುದು ಕಷ್ಟ.

ನಾಲ್ಕನೆಯ ವಾರ ಬಂತು. ಎಲ್ಲರೂ ಸೋಲುವುದು ಇಲ್ಲೇ. ಗಡ್ಡೆ ಕರಗಿ ಮೊದಲಿನ ನೋವು ಕಡಿಮೆಯಾಗಿರುತ್ತದೆ. ಚಿಕಿತ್ಸೆಯ ನೋವು ಜಾಸ್ತಿಯಾಗಿರುತ್ತದೆ. ಊರಿನಿಂದ ಫೋನ್ ಬರುತ್ತದೆ: ಬಿತ್ತನೆ, ಮದುವೆ, ಸಾವು, ಸಾಲ. ರೋಗಿಗೆ ಅನ್ನಿಸುತ್ತದೆ, ಕಾಯಿಲೆ ವಾಸಿಯಾಗಿದೆ, ಈ ಮಷೀನೇ ನನ್ನನ್ನು ಕೊಲ್ಲುತ್ತಿದೆ. ಶನಿವಾರ, ಭಾನುವಾರ ಮಷೀನ್ ಇಲ್ಲ. "ಊರಿಗೆ ಹೋಗಿ ಸೋಮವಾರ ಬರ್ತೀವಿ" ಎಂದು ಹೊರಡುತ್ತಾರೆ. ಕೆಲವರು ಬುಧವಾರ ಬರುತ್ತಾರೆ. ಕೆಲವರು ಬರುವುದೇ ಇಲ್ಲ. ನಮ್ಮ ಸಾಲಿನ ಕೊನೆಯ ಮಂಚದಲ್ಲಿದ್ದ ಗಂಡ ಹೆಂಡತಿ ಹಾಗೇ ಹೋದರು. ಅವರ ಮುಖವಾಡ ಆಸ್ಪತ್ರೆಯ ಕಪಾಟಿನಲ್ಲಿ ಹೆಸರಿನ ಚೀಟಿ ಸಮೇತ ಉಳಿಯಿತು. ಆಸ್ಪತ್ರೆಯಿಂದ ಫೋನ್ ಮಾಡಿದರೂ ಎತ್ತಲಿಲ್ಲವಂತೆ. ಅವರಿಗೆ ಧೈರ್ಯ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮನೆಯಲ್ಲಿ ದುಡಿಯುವವರು ಅವರಿಬ್ಬರೇ.

ಅಪ್ಪನಿಗೆ ಆಗ ಮಾತಾಡಲು ಆಗುತ್ತಿರಲಿಲ್ಲ. ಮಕ್ಕಳ ಸ್ಲೇಟು ತಂದುಕೊಟ್ಟಿದ್ದೆ. ಅದರ ಮೇಲೆ ಬರೆದರು, "ಸಾಕು. ಊರಿಗೆ ಹೋಗೋಣ." ನಾನು ಡಾಕ್ಟರ ಲೆಕ್ಕ ನೆನಪಿಸಿದೆ. ಅವರು ಸ್ಲೇಟು ಒರೆಸಿ ಮತ್ತೆ ಅದನ್ನೇ ಬರೆದರು.

ಅವತ್ತು ರಾತ್ರಿ ತಮ್ಮನಿಗೆ ಫೋನ್ ಮಾಡಿದೆ. ಅವನಿಗೆ ಒಂದು ಉಪಾಯ ಹೊಳೆಯಿತು. ಮಾರನೆಯ ಸಂಜೆಯಿಂದ ಅವನು ವಿಡಿಯೋ ಕಾಲ್ ಮಾಡಿ ಹೊಲ ತೋರಿಸಿ ಸುಮ್ಮನಾಗುತ್ತಿರಲಿಲ್ಲ. "ಅಪ್ಪಾ, ಮೇಲಿನ ತುಂಡಿಗೆ ಏನು ಹಾಕ್ಲಿ? ಕರು ಮಾರೋದಾ ಬೇಡ್ವಾ? ಬದು ಒಡೆದಿದೆ, ಯಾರಿಗೆ ಹೇಳ್ಲಿ?" ಎಂದು ಕೇಳುತ್ತಿದ್ದ. ಅಪ್ಪ ಯೋಚನೆ ಮಾಡಿ ಸ್ಲೇಟಿನ ಮೇಲೆ ಬರೆಯುವರು, ನಾನು ಓದುವೆನು. ಕೆಲವು ಸಲ ಅಪ್ಪನಿಗೆ ಸಿಟ್ಟೂ ಬರುತ್ತಿತ್ತು, "ಇಷ್ಟೂ ಗೊತ್ತಾಗಲ್ವಾ" ಎಂದು ಬರೆಯುತ್ತಿದ್ದರು. ಆ ಸಿಟ್ಟು ನೋಡಿ ನನಗೆ ಜೀವ ಬಂದಂತಾಗುತ್ತಿತ್ತು. ಊರಿನಲ್ಲಿ ತನ್ನ ಮಾತು ನಡೆಯುತ್ತಿದೆ ಎಂದು ಗೊತ್ತಾದ ಮೇಲೆ ಅಪ್ಪ ಊರಿಗೆ ಹೋಗೋಣ ಎನ್ನುವುದನ್ನು ನಿಲ್ಲಿಸಿದರು. ರೋಗಿಗೆ ಚಿಂತೆ ಕೊಡಬಾರದು ಎಂದು ಮನೆಯ ವಿಷಯ ಮುಚ್ಚಿಡುವವರೇ ಜಾಸ್ತಿ. ನನ್ನ ಅನುಭವದಲ್ಲಿ ಅದು ತಿರುಗುಮುರುಗು. ಇಡೀ ಜೀವನ ಮನೆ ನಡೆಸಿದವರನ್ನು ಅದರಿಂದ ದೂರ ಇಟ್ಟರೆ ಅವರು ಇನ್ನೂ ಕುಗ್ಗುತ್ತಾರೆ.

ಐದನೆಯ ವಾರದ ಒಂದು ರಾತ್ರಿ ಅಪ್ಪನಿಗೆ ಚಳಿ ಶುರುವಾಯಿತು. ಥರ್ಮಾಮೀಟರ್ ಇಟ್ಟೆ. 38 ಡಿಗ್ರಿ ದಾಟಿತ್ತು, ಫ್ಯಾರನ್‌ಹೀಟ್‌ನಲ್ಲಿ 100.4 ಅಂದರೆ ಅದೇ. ಕೀಮೋ ತೆಗೆದುಕೊಳ್ಳುವವರಿಗೆ ಆ ಗೆರೆ ದಾಟಿದ ಜ್ವರ ತುರ್ತು. ಬಿಳಿ ರಕ್ತಕಣ ಇಳಿದಿರುವ ಹೊತ್ತಿನಲ್ಲಿ ಸೋಂಕು ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಕುತ್ತು ತರಬಹುದು. ಜ್ವರದ ಮಾತ್ರೆ ನುಂಗಿಸಿ ಬೆಳಿಗ್ಗೆ ನೋಡೋಣ ಎನ್ನುವಂತಿಲ್ಲ. ಮಾತ್ರೆ ಜ್ವರವನ್ನು ಮರೆ ಮಾಡುತ್ತದೆ, ಸೋಂಕನ್ನು ವಾಸಿ ಮಾಡುವುದಿಲ್ಲ. ಫೈಲಿನ ಮೇಲೆ ದಪ್ಪಗೆ ಬರೆದಿದ್ದ ನಂಬರಿಗೆ ಫೋನ್ ಮಾಡಿದೆ. ಈಗಲೇ ಕರೆದುಕೊಂಡು ಬನ್ನಿ ಎಂದರು. ರಕ್ತ ತೆಗೆದುಕೊಂಡು ರಿಪೋರ್ಟಿಗೂ ಕಾಯದೆ ಆ್ಯಂಟಿಬಯೋಟಿಕ್ ಹಾಕಿದರು. ಬಿಳಿ ರಕ್ತಕಣ ನಿಜಕ್ಕೂ ಇಳಿದಿತ್ತು. ಆ ವಾರ ಕೀಮೋ ಕೊಡಲಿಲ್ಲ, ರೇಡಿಯೇಷನ್ ಮಾತ್ರ ನಿಲ್ಲಿಸಲಿಲ್ಲ.

ಆ ರಾತ್ರಿ ವಾರ್ಡಿನಲ್ಲಿ ಕೂತು ನಾನು ಅಂದುಕೊಂಡಿದ್ದು ಒಂದೇ. ನಾವು ಊರಿನಲ್ಲಿದ್ದಿದ್ದರೆ? ಹತ್ತಿರದ ಊರಿನ ಆಸ್ಪತ್ರೆಗೆ ತಲುಪುವುದರಲ್ಲೇ ಎಷ್ಟೋ ಹೊತ್ತು, ಅಲ್ಲಿ ಯಾವ ಕೀಮೋ, ಯಾವಾಗ ಎಂದು ವಿವರಿಸುವುದರಲ್ಲಿ ಇನ್ನಷ್ಟು ಹೊತ್ತು. ಮಾರನೆಯ ದಿನವೇ ಡಾಕ್ಟರ ಹತ್ತಿರ ಒಂದು ಪತ್ರ ಬರೆಸಿಕೊಂಡೆ. ಕಾಯಿಲೆ ಏನು, ಯಾವ ಔಷಧಿ ನಡೆಯುತ್ತಿದೆ, ಜ್ವರ ಬಂದರೆ ಮೊದಲು ಏನು ಮಾಡಬೇಕು, ಇಲ್ಲಿಗೆ ಯಾವ ನಂಬರಿಗೆ ಫೋನ್ ಮಾಡಬೇಕು. ಒಂದೇ ಪುಟ. ಅದರ ಪ್ರತಿ ಊರ ಹತ್ತಿರದ ಡಾಕ್ಟರಿಗೂ ಕಳಿಸಿದೆವು. ಅವರು ಅದನ್ನು ಓದಿ ತಾವೇ ಫೋನ್ ಮಾಡಿ ಮಾತಾಡಿದರು. ಕೆಲವು ದೇಶಗಳಲ್ಲಿ ಈ ಸಂಬಂಧವನ್ನೇ ವ್ಯವಸ್ಥೆ ಮಾಡಿದ್ದಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ದೊಡ್ಡ ಊರಿನ ಕ್ಯಾನ್ಸರ್ ಡಾಕ್ಟರು ವಿಡಿಯೋದಲ್ಲಿ ನೋಡುತ್ತಾರೆ, ದೂರದ ಸಣ್ಣ ಆಸ್ಪತ್ರೆಯ ನರ್ಸುಗಳು ಅಲ್ಲೇ ಕೀಮೋ ಕೊಡುತ್ತಾರೆ. ರೇಡಿಯೇಷನ್ನಿಗೆ ಮಷೀನು ಇರುವ ಕಡೆ ಹೋಗಲೇಬೇಕು. ಆದರೆ ರಕ್ತ ಪರೀಕ್ಷೆ, ಎಷ್ಟೋ ಬಗೆಯ ಕೀಮೋ, ನಳಿಗೆ ಬದಲಿಸುವುದು, ನೋವಿನ ಔಷಧಿ, ಇವಕ್ಕೆಲ್ಲ ರೋಗಿಯನ್ನು ಅಷ್ಟು ದೂರ ಎಳೆದಾಡಿಸುವ ಅಗತ್ಯ ಇಲ್ಲ.

ಒಮ್ಮೆ ಮಷೀನ್ ಕೆಟ್ಟಿತು. ಎಲ್ಲರ ಮುಖ ಸಪ್ಪೆಯಾಯಿತು. ತಪ್ಪಿದ ದಿನವನ್ನು ತುಂಬಿಕೊಡಲು ದಾರಿ ಇದೆ. ಒಂದೇ ದಿನ ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಕೊಡಬಹುದು, ಅಥವಾ ಶನಿವಾರ ಕೊಡಬಹುದು. ನಮಗೆ ಶನಿವಾರ ಕೊಟ್ಟರು. ಯಾವುದೇ ಕಾರಣಕ್ಕೆ ದಿನ ತಪ್ಪಿದ್ದರೂ ನಾಚಿಕೊಂಡು ಮನೆಯಲ್ಲಿ ಉಳಿಯಬೇಡಿ. ಹೋಗಿ ಹೇಳಿದರೆ ಅವರು ಏನಾದರೂ ಮಾಡಲು ಸಾಧ್ಯವಿರುತ್ತದೆ.

ಕೊನೆಯ ದಿನ ಬಂತು. ಟೆಕ್ನಿಷಿಯನ್ನರು ಮುಖವಾಡ ಕೈಗೆ ಕೊಟ್ಟರು, ಬೇಕಾದರೆ ತೆಗೆದುಕೊಂಡು ಹೋಗಿ ಎಂದು. ಅಪ್ಪ ಬೇಡವೆಂದರು. ಎಲ್ಲ ಮುಗಿಯಿತು, ಇನ್ನು ಊರಿಗೆ ಹೋಗಿ ಚೇತರಿಸಿಕೊಳ್ಳುವುದೊಂದೇ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ರೇಡಿಯೇಷನ್ ನಿಂತ ಮೇಲೂ ಒಂದೆರಡು ವಾರ ಹುಣ್ಣು, ನೋವು, ಅಂಟು ಎಂಜಲು ಹಾಗೇ ಇರುತ್ತವೆ, ಕೆಲವರಿಗೆ ಇನ್ನೂ ಹೆಚ್ಚಾಗುತ್ತವೆ. ಹುಣ್ಣು ಪೂರ್ತಿ ಮಾಯಲು ಒಂದು ತಿಂಗಳಿಗಿಂತ ಜಾಸ್ತಿ ಬೇಕಾಗಬಹುದು. ಅಂದರೆ ಅತಿ ಕಷ್ಟದ ದಿನಗಳು ಬರುವುದು ಆಸ್ಪತ್ರೆಯಿಂದ ಅತಿ ದೂರ ಇರುವಾಗ! ಇದನ್ನು ಯಾರೂ ಒತ್ತಿ ಹೇಳುವುದಿಲ್ಲ. ನಮಗೆ ಹೇಳಿದ್ದು ಅದೇ ವಸತಿಗೃಹದ ಜನ. ಅವರ ಮಾತು ಕೇಳಿ ನಾವು ಮುಗಿದ ಮೇಲೂ ಒಂದು ವಾರ ಅಲ್ಲೇ ಉಳಿದೆವು. ಆಮೇಲೆ ಹಗಲು ಹೊತ್ತಿನ ಬಸ್ಸಿನಲ್ಲಿ, ನಡುವೆ ಒಂದು ಕಡೆ ತಂಗಿ, ನಿಧಾನವಾಗಿ ಊರಿಗೆ ಬಂದೆವು.

ಊರಿನಲ್ಲಿ ನೋಡಲು ಬರುವವರ ಸಾಲು. ಮೂಗಿನ ನಳಿಗೆ ನೋಡಿ ಅಳುವವರು, ಅದು ತಿನ್ನಿ ಇದು ಕುಡಿಯಿರಿ ಎನ್ನುವವರು, ನಾಟಿ ಔಷಧಿ ಹಿಡಿದು ಬಂದವರು. ಎಲ್ಲರದ್ದೂ ಪ್ರೀತಿಯೇ. ಅಮ್ಮ ಬಾಗಿಲಲ್ಲೇ ನಿಂತು, "ಅವರಿಗೆ ಸೋಂಕು ಆಗಬಾರದು ಅಂತ ಡಾಕ್ಟರು ಹೇಳಿದಾರೆ, ಹತ್ತು ದಿನ ಬಿಟ್ಟು ಬನ್ನಿ" ಎಂದು ಮೆತ್ತಗೆ ಹೇಳಿ ಕಳಿಸುತ್ತಿದ್ದರು. ಸೇದುವ ಹಳೆಯ ಗೆಳೆಯರನ್ನು ಮಾತ್ರ ಅಂಗಳಕ್ಕೂ ಬಿಡಲಿಲ್ಲ. ಚಿಕಿತ್ಸೆಯ ಸಮಯದಲ್ಲೂ ಸೇದುವುದನ್ನು ನಿಲ್ಲಿಸದವರಿಗೆ ರೇಡಿಯೇಷನ್ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ, ಆಮೇಲೂ ಸೇದಿದರೆ ಮತ್ತೆ ಬರುವ ಅಪಾಯ ಹೆಚ್ಚು.

ನಳಿಗೆ ತೆಗೆಸಿದ ಮೇಲೆ ನುಂಗುವ ವ್ಯಾಯಾಮ, ಬಾಯಿ ಅಗಲ ಮಾಡುವ ವ್ಯಾಯಾಮ ದಿನಾ. ದವಡೆಯ ಸ್ನಾಯು ಬಿಗಿಯಾಗಿ ಬಾಯಿ ತೆರೆಯದೇ ಹೋಗಬಹುದು, ಅದಕ್ಕೆ ಇದನ್ನು ಬಿಡುವಂತಿಲ್ಲ. ಬಾಯಿ ಒಣಗುವುದು ಇನ್ನೂ ಇದೆ, ಅಪ್ಪ ಎಲ್ಲಿ ಹೋದರೂ ನೀರಿನ ಬಾಟಲಿ ಜೊತೆಗೆ. ದನಿ ಸ್ವಲ್ಪ ಸ್ವಲ್ಪವಾಗಿ ವಾಪಸ್ ಬಂತು, ಮೊದಲಿನಷ್ಟು ಗಟ್ಟಿಯಿಲ್ಲ. ಕರುವನ್ನು ಕೂಗಿ ಕರೆಯುವಷ್ಟು ಇದೆ.

ರೇಡಿಯೇಷನ್ ಮುಗಿದು 12 ವಾರ ಆದ ಮೇಲೆ ಪೆಟ್ ಸ್ಕ್ಯಾನ್ ಮಾಡಿದರು. ಅದಕ್ಕಿಂತ ಬೇಗ ಮಾಡಿದರೆ ವಾಸಿಯಾಗುತ್ತಿರುವ ಗಾಯವೂ ಕಾಯಿಲೆಯಂತೆ ಕಾಣಬಹುದಂತೆ. ಕ್ಯಾನ್ಸರ್ ಎಲ್ಲೂ ಕಾಣಲಿಲ್ಲ. ಮೊದಲ ಎರಡು ವರ್ಷ ಮತ್ತೆ ಬರುವ ಸಾಧ್ಯತೆ ಜಾಸ್ತಿ ಇರುವುದರಿಂದ ತಪಾಸಣೆ ಬೇಗ ಬೇಗ ಇರುತ್ತದೆ. ಹೋಗುವ ಮೊದಲು ಫೋನ್ ಮಾಡಿ, ಕ್ಯಾಮೆರಾ ಹಾಕಿ ನೋಡುವುದು, ಹಲ್ಲು ತಪಾಸಣೆ, ನುಂಗುವ ಚಿಕಿತ್ಸೆಯವರ ಭೇಟಿ ಎಲ್ಲವೂ ಒಂದೇ ದಿನ ಆಗುವಂತೆ ಕೇಳಿಕೊಳ್ಳುತ್ತೇವೆ. ಕೇಳಿದರೆ ಬಹಳ ಸಲ ಮಾಡಿಕೊಡುತ್ತಾರೆ. ಕುತ್ತಿಗೆಗೆ ಕಿರಣ ಬಿದ್ದಿರುವುದರಿಂದ ಥೈರಾಯ್ಡ್ ನಿಧಾನವಾಗಿ ಕುಂದಬಹುದು, ಅದರ ರಕ್ತ ಪರೀಕ್ಷೆ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಆಗಬೇಕು. ಅದನ್ನು ಊರ ಹತ್ತಿರವೇ ಮಾಡಿಸಿ ರಿಪೋರ್ಟ್ ಫೋನಿನಲ್ಲಿ ಕಳಿಸಿದರೆ ಸಾಕು ಎಂದಿದ್ದಾರೆ. ಅದಕ್ಕಾಗಿ ಇನ್ನು ಅಪ್ಪ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂರಬೇಕಿಲ್ಲ.